ಒಂಬತ್ತು ವರ್ಷ ಉಪವಾಸವಿದ್ದ ಕೌದಿ

ಬಸ್ಸು ತಪ್ಪಬಹುದಿತ್ತು. ಸಿಕ್ಕರೂ ಅದರ ಮೊದಲ ಮೆಟ್ಟಿಲು ನನ್ನ ಸೊಂಟದಷ್ಟು ಎತ್ತರ ಇರಬಹುದಿತ್ತು. ಹೈದರಾಬಾದಿನ ಮೆಹದಿಪಟ್ಟಣಂ ನಿಲ್ದಾಣದ ನೂಕುನುಗ್ಗಲಿನಲ್ಲಿ ಯಾರಾದರೂ ನನ್ನ ಊರುಗೋಲನ್ನು ತಮ್ಮದೆಂದು ತಿಳಿದು ಒಯ್ಯಬಹುದಿತ್ತು. ಯಾರು ಒಯ್ಯುತ್ತಾರೆ, ಒಯ್ದು ಏನು ಮಾಡುತ್ತಾರೆ ಎಂದು ಕೇಳಬೇಡಿ. ಚಿಂತೆಗೆ ಅಷ್ಟೆಲ್ಲ ಕಾರಣ ಬೇಕಾಗುವುದಿಲ್ಲ. ಕಾಲಿನ ಕ್ಯಾಲಿಪರಿನ ಪಟ್ಟಿ ಹರಿಯಬಹುದಿತ್ತು, ನಾನು ಇಪ್ಪತ್ತೊಂದು ದಿನಕ್ಕೆಂದು ಹೊರಟಿದ್ದ ಹಳ್ಳಿಯಲ್ಲಿ ಚಪ್ಪಲಿ ಹೊಲಿಯುವವರು ಇಲ್ಲದೇ ಹೋಗಬಹುದಿತ್ತು. ಬಚ್ಚಲಿನ ನೆಲ ಜಾರಬಹುದಿತ್ತು, ಜಾರಿ ಬಿದ್ದಾಗ ಒಳಗಿನಿಂದ ಚಿಲಕ ಹಾಕಿರಬಹುದಿತ್ತು. ಹಾವು ಬರಬಹುದಿತ್ತು. ಚೇಳು ಬರಬಹುದಿತ್ತು. ಸಾರಿನಲ್ಲಿ ಹಲ್ಲಿ ಬಿದ್ದು, ಅದನ್ನು ನೋಡಿಯೂ ಯಾರೂ ಹೇಳದೇ ಇರಬಹುದಿತ್ತು. ರ‍್ಯಾಂಪು ಇದೆ ಎಂದು ಅಲ್ಲಿಯವರು ಫೋಟೊ ಕಳಿಸಿದ್ದರು ನಿಜ, ಆದರೆ ಅದು ನಮ್ಮ ಕಚೇರಿಯ ರ‍್ಯಾಂಪಿನಂತೆ ಗಾಲಿಕುರ್ಚಿಯನ್ನು ಹತ್ತಿಸಲಿಕ್ಕಲ್ಲ, ಉರುಳಿಸಲಿಕ್ಕೆ ಕಟ್ಟಿದ್ದಾಗಿರಬಹುದಿತ್ತು. ಅಲ್ಲಿಗೆ ಬಂದ ಉಳಿದವರು ನಿಜವಾದ ಕಲಾವಿದರಾಗಿರಬಹುದಿತ್ತು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಒಂದೇ ಕಾಲಾ? ಇಷ್ಟಕ್ಕೇ ಬಂದಿರಾ?’ ಎಂದು ಕೇಳಬಹುದಿತ್ತು. ನಾನಿಲ್ಲದಾಗ ಅವ್ವ ಗ್ಯಾಸು ಆರಿಸುವುದನ್ನು ಮರೆಯಬಹುದಿತ್ತು. ಇಲ್ಲವೇ ಏನನ್ನೂ ಮರೆಯದೆ, ನಾನಿಲ್ಲದೆಯೂ ಮನೆ ಚೆನ್ನಾಗಿಯೇ ನಡೆಯುತ್ತದೆಂದು ಅವಳಿಗೆ ಗೊತ್ತಾಗಿಬಿಡಬಹುದಿತ್ತು.

ಕಚೇರಿಯ ಹಳೆಯ ಡೈರಿಯೊಂದರ ಹಿಂದಿನ ಪುಟಗಳಲ್ಲಿ ಇವನ್ನೆಲ್ಲ ಕ್ರಮಸಂಖ್ಯೆ ಹಾಕಿ ಬರೆದಿದ್ದೆ. ಒಟ್ಟು ನಲವತ್ತೊಂದು. ನಲವತ್ತೊಂದನೆಯದು ಹೀಗಿತ್ತು: ‘ಕೌದಿ ಈ ಸಲವೂ ಮುಗಿಯದೇ ಹೋಗಬಹುದು.’ ಅದರ ಕೆಳಗೆ ಎರಡು ಗೆರೆ ಎಳೆದಿದ್ದೆ. ಉಳಿದ ನಲವತ್ತು ಚಿಂತೆಗಳೂ ಇದೊಂದನ್ನು ಮುಚ್ಚಿಡಲು ಹೊದಿಸಿದವು ಎಂದು ಈಗ ಅನಿಸುತ್ತದೆ.

ನನಗೆ ಐವತ್ತೆರಡು. ಎರಡನೆಯ ವರ್ಷದಲ್ಲಿ ಪೋಲಿಯೊ ಬಂದು ಬಲಗಾಲು ಬೆಳೆಯುವುದನ್ನು ಅರ್ಧಕ್ಕೆ ಬಿಟ್ಟಿತು. ಕಾಲಿಗೆ ಆಸರೆಯಾಗಿ ಕಬ್ಬಿಣದ ಕ್ಯಾಲಿಪರ್, ಕೈಯಲ್ಲೊಂದು ಊರುಗೋಲು, ಬೇಗಂಪೇಟೆಯಲ್ಲಿ ಫೈಲು ನೋಡುವ ಕೆಲಸ. ವಿಜಯಪುರದ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆಂದು ಹೈದರಾಬಾದಿಗೆ ಬಂದ ಅಪ್ಪ ಇಲ್ಲೇ ಮನೆ ಕಟ್ಟಿದರು. ಈಗ ಕೆಳಗಿನ ಮನೆಯಲ್ಲಿ ನಾನು ಮತ್ತು ಅವ್ವ, ಮೇಲೆ ತಮ್ಮನ ಸಂಸಾರ. ಮನೆಯೊಳಗೆ ಕನ್ನಡ, ಗೇಟಿನಾಚೆ ತೆಲುಗು, ತರಕಾರಿ ಗಾಡಿಯ ಹತ್ತಿರ ದಖನಿ ಉರ್ದು. ಚಿಂತೆ ಮಾತ್ರ ಮೂರರಲ್ಲೂ ಮಾಡುತ್ತೇನೆ.

ಕೌದಿಯ ವಿಷಯ ಹೇಳಬೇಕು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಶುರುಮಾಡಿ ಸುತ್ತುಸುತ್ತಾಗಿ ಹೊಲಿಯುತ್ತ ನಡುವಿಗೆ ಬರುವುದು. ಕೊನೆಗೆ ಉಳಿಯುವುದು ನಟ್ಟನಡುವಿನ ಒಂದು ಅಂಗೈ ಅಗಲದ ಚೌಕ. ನಮ್ಮ ಅಜ್ಜಿ ಅದನ್ನು ಕೌದಿಯ ಹೊಟ್ಟೆ ಎನ್ನುತ್ತಿದ್ದಳು. ಆ ಚೌಕವನ್ನು ಮುಚ್ಚುವ ಮೊದಲು ಅದರೊಳಗೆ ಏನಾದರೂ ತಿನ್ನುವುದನ್ನು ಇಡಬೇಕು. ಒಂದು ಚೂರು ರೊಟ್ಟಿಯಾದರೂ ಸರಿ. ಹಸಿದ ಕೌದಿ ಹೊದ್ದವರಿಗೆ ಬೆಚ್ಚಗಾಗುವುದಿಲ್ಲವಂತೆ.

ನನ್ನ ಕೌದಿ ಒಂಬತ್ತು ವರ್ಷದಿಂದ ಹಸಿದಿತ್ತು. ಕಾರಣ ಸೋಮಾರಿತನವಲ್ಲ. ನಾನು ದಿನವೂ ಹೊಲಿಯುತ್ತಿದ್ದೆ. ಹೊಲಿದ ಸಾಲು ಸೊಟ್ಟಗಾಯಿತೇನೋ ಎಂದು ಮರುದಿನ ಬಿಚ್ಚುತ್ತಿದ್ದೆ. ಹೀಗೆ ಮುಂದೆ ನಾಲ್ಕು ಬೆರಳು, ಹಿಂದೆ ಮೂರು ಬೆರಳು ಸಾಗಿ, ಅಷ್ಟು ವರ್ಷಗಳಲ್ಲಿ ಅಂಚಿನಿಂದ ಅರ್ಧ ದಾರಿಗೆ ಬಂದಿದ್ದೆ.

“ನಿನ್ನ ಕೌದಿಗಿಂತ ನಿನ್ನ ಕತ್ತರಿಗೇ ಹೆಚ್ಚಿಗಿ ಕೆಲಸ ಐತಿ ನೋಡು,” ಎನ್ನುತ್ತಿದ್ದಳು ಅವ್ವ. “ಒಂಬತ್ತು ವರ್ಷದಿಂದ ಪಾಪ ಅದನ್ನ ಉಪಾಸ ಕೆಡವೀದಿ. ದೇವ್ರಿಗೂ ಇಷ್ಟು ದಿನಾ ಯಾರೂ ಉಪಾಸ ಮಾಡಂಗಿಲ್ಲ.”

ಅವ್ವನಿಗೆ ಎಪ್ಪತ್ತೆಂಟು. ಆ ಕೌದಿಯ ಸೀರೆಗಳೆಲ್ಲ ಅವಳವೇ. ಅದನ್ನು ತಾನೇ ಹೊದೆಯಬೇಕೆಂದು ಅವಳು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಪ್ರತಿ ಡಿಸೆಂಬರಿನಲ್ಲೂ ಅಂಗಡಿಯಿಂದ ತಂದ ರಗ್ಗನ್ನು ಹೊದ್ದು, ನನಗೆ ಕೇಳುವ ಹಾಗೆ, “ಥಂಡಿ ಭಾಳ ಐತಿ ಈ ವರ್ಷ” ಎನ್ನುತ್ತಿದ್ದಳು.

ಹೀಗಿರುವಾಗ ತಮ್ಮ ತನ್ನ ಫೋನಿನಲ್ಲಿ ಒಂದು ಪ್ರಕಟಣೆ ತೋರಿಸಿದ. ವಿಕಾರಾಬಾದಿನ ಆಚೆ, ಒಂದು ಹಳ್ಳಿಯ ಹೊಲದ ನಡುವೆ, ಅಂಗವಿಕಲ ಕಲಾವಿದರೂ ಬಂದು ಇಪ್ಪತ್ತೊಂದು ದಿನ ಉಳಿದು ಕೆಲಸ ಮಾಡಬಹುದಾದ ಮನೆಯೊಂದಿದೆ, ಊಟ, ವಸತಿ ಅವರದೇ, ಅರ್ಜಿ ಹಾಕಿ. ನಾನು ಕಲಾವಿದೆಯಲ್ಲ ಎಂದೆ. “ಅಕ್ಕಾ, ನೀ ಅರ್ಜಿ ಹಾಕು. ಬ್ಯಾಡ ಅನ್ನೂದು ಅವರ ಕೆಲಸ, ಅದನ್ನೂ ನೀನ ಯಾಕ ಮಾಡ್ತಿ?” ಎಂದ. ಅರ್ಜಿಯಲ್ಲಿ ‘ನಿಮ್ಮ ಕೆಲಸದ ವಿಧಾನವನ್ನು ವಿವರಿಸಿ’ ಎಂದಿತ್ತು. ಏನು ಬರೆಯಲಿ? ‘ಹೊಲಿಯುತ್ತೇನೆ, ಬಿಚ್ಚುತ್ತೇನೆ’ ಎಂದು ಇದ್ದದ್ದನ್ನು ಬರೆದೆ. ಆಯ್ಕೆ ಮಾಡುವವರು ಅದನ್ನು ಬಹಳ ಆಳವಾದ ಮಾತೆಂದು ತಿಳಿದರು. ಹತ್ತು ದಿನದಲ್ಲಿ ಬನ್ನಿ ಎಂದು ಪತ್ರ ಬಂತು. ಅಲ್ಲಿಗೆ ಡೈರಿಯಲ್ಲಿ ಬರೆಯಲಾಗದ ಇನ್ನೊಂದು ಚಿಂತೆಯೂ ಸೇರಿತು: ‘ಕೌದಿ ಮುಗಿಸಿಬಿಟ್ಟರೆ ಅವರಿಗೆ ಮೋಸ ಮಾಡಿದಂತಾಗಬಹುದು.’

ಮನೆ ಬಿಟ್ಟು ಒಬ್ಬಳೇ ಎಲ್ಲಿಯೂ ಉಳಿದವಳಲ್ಲ ನಾನು. ಅಲ್ಲಿನ ಮೇಲ್ವಿಚಾರಕಿಗೆ ಹೊರಡುವ ಮೊದಲೇ ಹದಿನಾಲ್ಕು ಸಲ ಫೋನು ಮಾಡಿದೆ. ಆಕೆ ತೆಲುಗಿನವರು. ಬಚ್ಚಲು ಜಾರುತ್ತದೆಯೇ, ಎಂದರೆ “ಪರ್ವಾಲೇದಂಡಿ.” ಹಾವು ಇವೆಯೇ, ಎಂದರೆ “ಪರ್ವಾಲೇದಂಡಿ.” ಚಿಂತೆಯಿಲ್ಲ ಬಿಡಿ ಎಂದು ಆ ಮಾತಿನ ಅರ್ಥ. ಹಾವು ಇವೆ ಎಂದೋ ಇಲ್ಲ ಎಂದೋ ಅದರಲ್ಲಿ ಎಲ್ಲಿಯೂ ಇಲ್ಲ ಎಂಬುದನ್ನು ನಾನು ಬಿಟ್ಟು ಇನ್ನಾರು ಗಮನಿಸಬೇಕು?

ಹೊರಡುವ ದಿನ ಅವ್ವ ನನ್ನ ಸಾಮಾನನ್ನು ನೋಡಿದಳು. ಎರಡು ಟಾರ್ಚು, ಮೇಣಬತ್ತಿ, ಬಚ್ಚಲಿಗೆ ಪ್ಲಾಸ್ಟಿಕ್ ಸ್ಟೂಲು, ಬಿದ್ದರೆ ಊದಲು ಸೀಟಿ, ಕ್ಯಾಲಿಪರಿನ ಎರಡು ಬದಲಿ ಪಟ್ಟಿ, ಹಗ್ಗ.

“ಹಗ್ಗ ಯಾತಕ್ಕ?”

“ಬೇಕಾಗಬಹುದು.”

“ಯಾರನ್ನ ಕಟ್ಟಾಕ? ಯವ್ವಾ, ನೀ ಹೊಂಟಿದ್ದು ಕೌದಿ ಹೊಲಿಯಾಕೋ, ದರೋಡೆ ಮಾಡಾಕೋ?”

ಬಸ್ಸಿನ ಪ್ರಶ್ನೆಯೇ ಬರಲಿಲ್ಲ. ತಮ್ಮ ತನ್ನ ಕಾರಿನಲ್ಲಿ ಕರೆದೊಯ್ದು ಬಿಟ್ಟು ಬಂದ. ಮೂರು ಚಿಂತೆಗಳು ಒಂದೇ ಏಟಿಗೆ ಹೋದವು. ಇಷ್ಟು ಸುಲಭವಾಗಿ ಹೋದ ಚಿಂತೆಗಳು ಬೇರೆ ರೂಪದಲ್ಲಿ ಹಿಂದಿರುಗುತ್ತವೆ ಎಂದು ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತ ಕುಳಿತಿದ್ದೆ.

ಮನೆ ಚೆನ್ನಾಗಿತ್ತು. ಅದೇ ನನಗೆ ಮೊದಲ ಗಾಬರಿ. ರ‍್ಯಾಂಪು ಬೇವಿನ ಮರದ ಬುಡದಿಂದ ಶುರುವಾಗಿ, ಕೋಪವಿಲ್ಲದ ಮನುಷ್ಯನ ಹಾಗೆ ನಿಧಾನವಾಗಿ ಏರಿ, ಉದ್ದನೆಯ ಪಡಸಾಲೆಗೆ ಸೇರುತ್ತಿತ್ತು. ಬಚ್ಚಲಿನಲ್ಲಿ ಹಿಡಿಯಲು ಕಂಬಿ ಇತ್ತು, ಒರಟು ಕಲ್ಲಿನ ನೆಲ ಇತ್ತು, ಚಿಲಕವನ್ನು ಹೊರಗಿನಿಂದಲೂ ತೆಗೆಯಬಹುದಿತ್ತು. ಮೇಲ್ವಿಚಾರಕಿಯೇ ಗಾಲಿಕುರ್ಚಿಯಲ್ಲಿ ಓಡಾಡುವವರು. ರ‍್ಯಾಂಪು ಇಳಿಯುವಾಗ ಕೈಬಿಟ್ಟು ಜರ‍್ರೆಂದು ಬರುತ್ತಿದ್ದರು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಆ ಮನೆಯಲ್ಲೊಂದು ಪದ್ಧತಿ ಇತ್ತು. ಪ್ರತಿ ಕೋಣೆಯ ಹೊರಗೂ ಒಂದು ಶಾಲೆಯ ಪಾಟಿ ತೂಗುಹಾಕಿರುತ್ತಿತ್ತು. ನಮಗೆ ಯಾವ ಸಹಾಯ ಬೇಕು, ಯಾವುದು ಬೇಡ ಎಂದು ಅದರ ಮೇಲೆ ನಾವೇ ಬರೆಯಬೇಕು. ಕೇಳದೆ ಯಾರೂ ಯಾರಿಗೂ ಸಹಾಯ ಮಾಡುವಂತಿಲ್ಲ.

ನನ್ನ ಹೊರತು ಅಲ್ಲಿದ್ದವರು ಇನ್ನಿಬ್ಬರು. ಒಬ್ಬರು ಹೈದರಾಬಾದಿನ ಹಳೇ ಪಟ್ಟಣದವರು, ಅರವತ್ತರ ಮೇಲಿನವರು, ಕಣ್ಣು ಕಾಣುವುದಿಲ್ಲ. ಮಣ್ಣಿನಲ್ಲಿ ಪಾರಿವಾಳ ಮಾಡುತ್ತಿದ್ದರು. ಬರೀ ಪಾರಿವಾಳ. ಚಿಕ್ಕಂದಿನಲ್ಲಿ, ಇನ್ನೂ ಸ್ವಲ್ಪ ಕಣ್ಣಿದ್ದಾಗ, ಅವರ ಮನೆಯ ಮಾಳಿಗೆಯ ಮೇಲೆ ಪಾರಿವಾಳ ಸಾಕಿದ್ದರಂತೆ. ಒಂದೊಂದು ಹಕ್ಕಿಯ ತೂಕವೂ ಕೈಯಲ್ಲಿ ಉಳಿದಿದೆ ಎನ್ನುತ್ತಿದ್ದರು. ಅವರ ಪಾಟಿಯ ಮೇಲೆ ದಖನಿಯಲ್ಲಿ ಒಂದೇ ಸಾಲು ಇತ್ತು: ‘ಚಾಯ್ ಹೋನಾ, ಸಲಾಹ್ ನಕ್ಕೋ.’ ಚಹಾ ಬೇಕು, ಸಲಹೆ ಬೇಡ. ಇನ್ನೊಬ್ಬಳು ದಿಲ್‌ಸುಖ್‌ನಗರದ ಚಿತ್ರಕಾರ್ತಿ, ಮೂವತ್ತರ ಆಸುಪಾಸಿನವಳು, ಕಿವಿ ಕೇಳುವುದಿಲ್ಲ. ಕೈಸನ್ನೆಯಲ್ಲಿ ಮಾತು, ನನ್ನಂಥ ಮೊದ್ದುಗಳಿಗೆ ಫೋನಿನಲ್ಲಿ ಬರೆದು ತೋರಿಸುವುದು. ಅವಳ ಪಾಟಿ: ‘ಬೆನ್ನು ತಟ್ಟಬೇಡಿ. ಮೇಜು ತಟ್ಟಿ.’

ನಾನು ಪಾಟಿಯ ಒಂದು ಬದಿ ಪೂರ್ತಿ ಬರೆದೆ. ನೆಲ ಒದ್ದೆಯಿದ್ದರೆ ಹೇಳಬೇಕು, ಆದರೆ ಕೂಗಿ ಹೇಳಬಾರದು, ಕೂಗಿದರೆ ನಾನು ಬೆಚ್ಚಿ ಬೀಳಬಹುದು. ನಾನು ಏಳುವಾಗ ಕೈ ಕೊಡಬಾರದು, ಆದರೆ ಹತ್ತಿರ ಇರಬೇಕು. ಹತ್ತಿರ ಎಂದರೆ ತೀರಾ ಹತ್ತಿರವಲ್ಲ. ಪಾಟಿ ತಿರುಗಿಸಿ ಹಿಂಬದಿಗೂ ಬರೆದೆ. ಬಳಪ ಮುಗಿಯಿತು. ಇನ್ನೊಂದು ಬಳಪ ಕೇಳಲು ಹೋದಾಗ ಮೇಲ್ವಿಚಾರಕಿ, “ಮೇಡಂ, ನಿಮಗೆ ಪಾಟಿ ಸಾಲದು, ಗೋಡೆ ಕೊಡಿಸಲೇ?” ಎಂದು ತೆಲುಗಿನಲ್ಲಿ ಬಹಳ ಗೌರವದಿಂದಲೇ ಕೇಳಿದರು.

ಇಷ್ಟೆಲ್ಲ ಬರೆದವಳು ಮೊದಲ ಮಧ್ಯಾಹ್ನವೇ ಏನು ಮಾಡಿದೆ ಗೊತ್ತೇ? ಪಾರಿವಾಳದ ಭಾಯಿಸಾಹೇಬರು ಕೋಲು ಊರುತ್ತ ಊಟದ ಕೋಣೆಗೆ ಹೊರಟಿದ್ದರು. ಮುಂದೆ ಕಂಬವಿತ್ತು. ನನಗೆ ತಡೆಯಲಾಗಲಿಲ್ಲ. ಹೋಗಿ ಅವರ ಮೊಣಕೈ ಹಿಡಿದೆ. ಮೆಹದಿಪಟ್ಟಣಂನ ರಸ್ತೆಯಲ್ಲಿ ನನ್ನನ್ನು ಯಾರಾದರೂ ಹೀಗೆ ಹಿಡಿದರೆ ಆ ದಿನವಿಡೀ ಬೈದುಕೊಳ್ಳುವವಳು ನಾನು. ಅವರ ಕೋಲು ನನ್ನ ಊರುಗೋಲಿಗೆ ಸಿಕ್ಕಿಕೊಂಡಿತು. ಒಂದು ಸುತ್ತು ತಿರುಗಿ ಇಬ್ಬರೂ ಹೋಗಿ ಅದೇ ಕಂಬವನ್ನು ತಬ್ಬಿ ನಿಂತೆವು.

“ಆಪಾ,” ಎಂದರು ಅವರು, ಕಂಬದ ಆಚೆಯಿಂದ. “ಆಪ್ ಮೇರೇಕು ಪಕಡೇ ಕಿ ಮೈ ಆಪ್ಕು ಪಕಡಾ?”

ನೀವು ನನ್ನನ್ನು ಹಿಡಿದದ್ದೋ, ನಾನು ನಿಮ್ಮನ್ನು ಹಿಡಿದದ್ದೋ ಎಂದು. ಆಪಾ ಎಂದರೆ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವರು ಇಪ್ಪತ್ತೊಂದು ದಿನವೂ ನನ್ನನ್ನು ಅಕ್ಕ ಎಂದೇ ಕರೆದರು.

“ಕಂಬ ಇತ್ತು,” ಎಂದೆ.

“ಗೊತ್ತು. ನಾನು ಬೆಳಿಗ್ಗೆಯೇ ಬಂದೆ, ಕಂಬ ಇನ್ನೂ ಎಲ್ಲಿಗೂ ಹೋಗಿಲ್ಲ.” ಅವರ ದಖನಿಯನ್ನು ಇನ್ನು ಮುಂದೆ ಕನ್ನಡದಲ್ಲೇ ಹೇಳುತ್ತೇನೆ, ಅದರ ರುಚಿ ಅರ್ಧ ಹೋಗುತ್ತದೆ, ಏನು ಮಾಡುವುದು.

ಎರಡನೆಯ ದಿನ ಬೆಳಿಗ್ಗೆ ಸೀಟಿಯ ಚಿಂತೆ ಹತ್ತಿತು. ಸೀಟಿಯೇನೋ ಇದೆ, ಆದರೆ ಬಿದ್ದಾಗ ಊದಿದರೆ ಅದು ಕೇಳಿಸುತ್ತದೆಯೇ? ಕೇಳಿಸದಿದ್ದರೆ ಬಿದ್ದ ಮೇಲೆ ಗೊತ್ತಾಗಿ ಏನು ಪ್ರಯೋಜನ? ಬೀಳುವ ಮೊದಲೇ ಪರೀಕ್ಷಿಸುವುದು ಒಳ್ಳೆಯದೆಂದು ಬಚ್ಚಲಿನಲ್ಲಿ ನಿಂತು ಜೋರಾಗಿ ಒಮ್ಮೆ ಊದಿದೆ.

ಮೊದಲು ಬಂದವರು ಭಾಯಿಸಾಹೇಬರು, ಅರ್ಧ ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡು, ಗೋಡೆಗಾಗಲೀ ಬಾಗಿಲಿಗಾಗಲೀ ತಾಕದೆ ನೆಟ್ಟಗೆ. ಅವರ ಹಿಂದೆ ಮೇಲ್ವಿಚಾರಕಿಯ ಗಾಲಿಕುರ್ಚಿ. ಅದರ ಹಿಂದೆ ಕೈಯಲ್ಲಿ ಸೌಟು ಹಿಡಿದ ಅಡುಗೆಯಾಕೆ. ಪಕ್ಕದ ಹೊಲದಲ್ಲಿ ನೀರು ಹಾಯಿಸುತ್ತಿದ್ದ ರೈತನೂ ಬಂದ. ಕೊನೆಗೆ, ಎಲ್ಲರೂ ಓಡುವುದನ್ನು ಕಂಡ ಚಿತ್ರಕಾರ್ತಿ. ನಾನು ಬಾಗಿಲು ತೆರೆದು, ಏನೂ ಆಗಿಲ್ಲ, ಇದು ಪರೀಕ್ಷೆ ಎಂದೆ.

ಭಾಯಿಸಾಹೇಬರು ನೊರೆ ಒರೆಸಿಕೊಂಡು, “ನಾವು ಪಾಸೋ ಫೇಲೋ?” ಎಂದು ಕೇಳಿದರು.

ಆ ಮಧ್ಯಾಹ್ನ ಚಿತ್ರಕಾರ್ತಿ ನನಗೊಂದು ಸನ್ನೆಯ ಹೆಸರು ಕೊಟ್ಟಳು. ಅವಳ ಲೋಕದಲ್ಲಿ ಹೆಸರನ್ನು ಅಕ್ಷರ ಜೋಡಿಸಿ ಹೇಳುತ್ತ ಕೂರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಗುರುತು. ಭಾಯಿಸಾಹೇಬರದು ಅಂಗೈಯಲ್ಲಿ ಹಕ್ಕಿಯನ್ನು ತೂಗುವ ಸನ್ನೆ. ಮೇಲ್ವಿಚಾರಕಿಯದು ಕೈಬಿಟ್ಟು ಜಾರುವ ಸನ್ನೆ. ನನ್ನದು ಎರಡು ಬೆರಳನ್ನು ಹುಬ್ಬುಗಳ ನಡುವೆ ಇಟ್ಟು ದಾರಕ್ಕೆ ಗಂಟು ಹಾಕಿದಂತೆ ತಿರುಗಿಸುವುದು. ನನ್ನ ಹೊಲಿಗೆಗೆ ಸಂದ ಗೌರವವೆಂದು ನಾಲ್ಕು ದಿನ ಹೆಮ್ಮೆಪಟ್ಟೆ. ಐದನೆಯ ದಿನ ಕನ್ನಡಿ ನೋಡಿಕೊಂಡಾಗ ಅದು ಹೊಲಿಗೆಯ ಗಂಟಲ್ಲ, ನನ್ನ ಹಣೆಯ ಗಂಟು ಎಂದು ತಿಳಿಯಿತು.

ಕೆಲಸಕ್ಕೆ ನನಗಾಗಿ ಒಂದು ಉದ್ದನೆಯ ಎತ್ತರದ ಮಂಚ ಹಾಕಿಸಿದ್ದರು. ನೆಲದ ಮೇಲೆ ಕೌದಿ ಹರಡಿ ಹೊಲಿಯುವುದು ಲೋಕದ ರೂಢಿ. ನನ್ನ ಕಾಲು ನೆಲಕ್ಕೆ ಬಗ್ಗುವುದಿಲ್ಲ. ಮನೆಯಲ್ಲಿ ಊಟದ ಮೇಜಿನ ಮೇಲೆ ಹೊಲಿಯುತ್ತಿದ್ದೆ, ಊಟದ ಹೊತ್ತಿಗೆ ಮಡಚುತ್ತಿದ್ದೆ. ಇಲ್ಲಿ ಮೊದಲ ಬಾರಿ ಅದು ಪೂರ್ತಿ ಹರಡಿ ಮಲಗಿತು. ಅವ್ವನ ಇಳಕಲ್ ಸೀರೆಯ ಕೆಂಪು ಒಂದು ಕಡೆ, ತಮ್ಮ ಹುಟ್ಟಿದಾಗ ಉಟ್ಟ ಹಸಿರು ಒಂದು ಕಡೆ, ನನ್ನನ್ನು ಆಸ್ಪತ್ರೆಗಳಿಗೆ ಹೊತ್ತು ತಿರುಗಿದ ಕಾಲದ ಬಣ್ಣಗೆಟ್ಟ ನೀಲಿ ಒಂದು ಕಡೆ.

ಇಲ್ಲಿ ಏನನ್ನೂ ಮುಗಿಸಲೇಬೇಕು ಎಂಬ ನಿಯಮವಿಲ್ಲ ಎಂದು ಮೇಲ್ವಿಚಾರಕಿ ಹೇಳಿದ್ದರು. ಕೊನೆಯ ದಿನ ಊರಿನವರೂ ಮನೆಯವರೂ ಬಂದು ನೋಡುತ್ತಾರೆ. ಮುಗಿದಷ್ಟನ್ನು ತೋರಿಸಿದರೆ ಸಾಕು. ಚಿಂತೆಯ ಮನುಷ್ಯರಿಗೆ ಇದಕ್ಕಿಂತ ಕ್ರೂರವಾದ ಮಾತಿಲ್ಲ. ‘ಮುಗಿಸಲೇಬೇಕು’ ಎಂದಿದ್ದರೆ ಅವರನ್ನಾದರೂ ಬೈಯಬಹುದಿತ್ತು.

ಮೊದಲ ವಾರ ಮನೆಯಲ್ಲಿ ಮಾಡಿದ್ದನ್ನೇ ಮಾಡಿದೆ. ಬೆಳಿಗ್ಗೆ ಹೊಲಿದೆ, ಸಂಜೆ ಬಿಚ್ಚಿದೆ. ನನ್ನ ಎದುರಿನ ಮೇಜಿನಲ್ಲಿ ಭಾಯಿಸಾಹೇಬರು ಮಣ್ಣು ಕಲೆಸುತ್ತಿದ್ದರು. ಏಳನೆಯ ಸಂಜೆ ನನ್ನ ಪುಟ್ಟ ಕತ್ತರಿ ಟಕ್ ಟಕ್ ಎಂದದ್ದೇ ತಡ, ಅವರು ಕೈ ನಿಲ್ಲಿಸಿದರು.

“ಆಪಾ, ಮತ್ತೆ ಬಿಚ್ಚುತ್ತಿದ್ದೀರಾ?”

“ಸಾಲು ಸೊಟ್ಟಗಿದೆ.”

“ತನ್ನಿ, ನೋಡುತ್ತೇನೆ.”

ಕೈ ತೊಳೆದುಕೊಂಡು ಬಂದು ಬೆರಳು ಆಡಿಸಿದರು. ಅಂಚಿನಿಂದ ಹಿಡಿದು ಸುತ್ತುಸುತ್ತಾಗಿ, ನಾನು ನಿಲ್ಲಿಸಿದ ಕಡೆಯವರೆಗೆ. ಬಹಳ ಹೊತ್ತು ಹಿಡಿಯಿತು. ‘ಎಷ್ಟು ನೇರವಾಗಿದೆ’ ಎನ್ನುತ್ತಾರೆಂದು ಕಾದೆ.

“ಹೌ, ಸೊಟ್ಟಗೇ ಇದೆ,” ಎಂದರು. “ಎಲ್ಲಾ ಸಾಲೂ ಸೊಟ್ಟಗಿವೆ. ಒಂದನ್ನು ಬಿಚ್ಚಿ ನೇರ ಮಾಡಿದರೆ ಅದೊಂದೇ ತಪ್ಪಾಗಿ ಕಾಣುತ್ತದೆ. ಕತ್ತರಿ ಕೊಡಿ ಇಲ್ಲಿ.”

ಒಬ್ಬ ಸಭ್ಯ ಮನುಷ್ಯ ಕೇಳುತ್ತಿದ್ದಾನೆ, ಕೊಡದೇ ಇರಲಾದೀತೇ? ಕೊಟ್ಟೆ. ಅವರು ಅದನ್ನು ತೆಗೆದುಕೊಂಡು ಹೋಗಿ ತಮ್ಮ ಮೇಜಿನ ಮುಂದೆ ಕುಳಿತರು, ಒಂದು ಹಿಡಿ ಹಸಿ ಮಣ್ಣು ತೆಗೆದರು, ಕತ್ತರಿಯನ್ನು ಅದರ ನಡುವೆ ಇಟ್ಟರು, ಸುತ್ತ ಮಣ್ಣು ಮುಚ್ಚಿದರು, ಕೊಕ್ಕು ಎಳೆದರು, ರೆಕ್ಕೆ ಒತ್ತಿದರು. ನನ್ನ ಕಣ್ಣೆದುರೇ ನನ್ನ ಕತ್ತರಿ ಪಾರಿವಾಳವಾಯಿತು. ಒಣಗಲು ಉಳಿದ ಪಾರಿವಾಳಗಳ ಸಾಲಿನಲ್ಲಿ ಸೇರಿತು.

“ಅದು ನಮ್ಮ ಅವ್ವನ ಕತ್ತರಿ!”

“ಹಾಗಾದರೆ ಒಳ್ಳೆಯ ಜಾತಿಯ ಹಕ್ಕಿ,” ಎಂದರು.

ದಾರ ಕಡಿಯಲು ನನಗೆ ಹಲ್ಲುಗಳು ಉಳಿದವು. ಹಲ್ಲಿನಿಂದ ದಾರ ಕಡಿಯಬಹುದು. ಹೊಲಿದ ಸಾಲು ಬಿಚ್ಚಲಾಗುವುದಿಲ್ಲ. ಅಡುಗೆಯಾಕೆಯ ಹತ್ತಿರ ಚಾಕು ಕೇಳಿದೆ. ಆಕೆ ಮೇಲ್ವಿಚಾರಕಿಯತ್ತ ನೋಡಿದಳು. ಮೇಲ್ವಿಚಾರಕಿ ಆಕಾಶ ನೋಡಿದರು. ಇಡೀ ಮನೆಯೇ ಪಿತೂರಿ ಮಾಡಿತ್ತು. ಅವ್ವನಿಗೆ ಫೋನಿನಲ್ಲಿ ಚಾಡಿ ಹೇಳಿದೆ.

“ಕತ್ತರಿ ಕಸಗೊಂಡ್ರಾ?” ಅವ್ವನ ದನಿಯಲ್ಲಿ ಸಂತೋಷ ಉಕ್ಕಿತು. “ಯಾರ ಅವ್ರು? ಭಾಳ ಶಾಣ್ಯಾ ಮನಷ್ಯಾ ಇದ್ದಾರ ಬಿಡು. ಅವರಿಗೆ ನನ್ನ ಶರಣ್ರೀ ಅಂತ ಹೇಳು. ನಾ ಒಂಬತ್ತು ವರ್ಷದಾಗ ಯಾಕ ಮಾಡಲಿಲ್ಲ ಅದನ್ನ?”

“ಗ್ಯಾಸ್ ಆರಸಾಕತ್ತೀಯಿಲ್ಲೋ ದಿನಾ?”

“ಆರಸಾಕತ್ತೀನಿ. ನೀ ಹೊಲಿ.”

ಹೊಲಿದೆ. ಸೊಟ್ಟಗೆ ಹೊಲಿದೆ, ಹಿಂದಕ್ಕೆ ನೋಡದೆ ಹೊಲಿದೆ. ಹಿಂದೆ ಹೋಗುವ ದಾರಿ ಮುಚ್ಚಿದ್ದರಿಂದ ಮುಂದೆ ಹೋಗುವುದೇ ಉಳಿಯಿತು. ಅರ್ಧ ದಾರಿಗೆ ಒಂಬತ್ತು ವರ್ಷ ಹಿಡಿದಿತ್ತು. ಉಳಿದರ್ಧಕ್ಕೆ ಹದಿಮೂರು ದಿನ ಸಾಕಾಯಿತು. ನನ್ನ ಪಾಟಿಯಲ್ಲಿದ್ದದ್ದನ್ನೂ ನಡುನಡುವೆ ಒರೆಸುತ್ತ ಬಂದೆ. ಯಾರೂ ಅದನ್ನು ಓದುತ್ತಿರಲಿಲ್ಲ. ಅಷ್ಟು ಉದ್ದದ್ದನ್ನು ಯಾರು ಓದುತ್ತಾರೆ? ಆದರೂ ನಾನು ಬಿದ್ದಿರಲಿಲ್ಲ.

ಇಪ್ಪತ್ತನೆಯ ಸಂಜೆ, ನಡುವಿನ ಚೌಕ ಒಂದೇ ಉಳಿಯಿತು. ಮರುದಿನ ಊರಿನವರು, ಮನೆಯವರು ಬರುವವರು. ಅಡುಗೆಯಾಕೆ ಬಂದವರಿಗೆಂದು ಭಕ್ಷಾಲು ಮಾಡುತ್ತಿದ್ದಳು. ನಮ್ಮ ಹೂರಣದ ಹೋಳಿಗೆಯನ್ನೇ ಅಲ್ಲಿ ಹಾಗೆನ್ನುತ್ತಾರೆ. ಕೌದಿಯ ಹೊಟ್ಟೆಗೆ ಒಂದು ಚೂರು ಕೇಳಿ ತಂದೆ. ಚೌಕದೊಳಗೆ ಇಟ್ಟೆ. ಆಗ ನನ್ನೊಳಗಿನ ಹಳೆಯ ಹುಳು ಎದ್ದಿತು.

ಒಂದು ಚೂರು ಸಾಕೇ? ಅಜ್ಜಿಯ ಕೌದಿಗಳು ಒಂದು ಬೇಸಿಗೆಯಲ್ಲಿ ಮುಗಿಯುತ್ತಿದ್ದವು. ಅವಕ್ಕೆ ಒಂದು ಚೂರು ಸಾಕು. ಇದು ಒಂಬತ್ತು ವರ್ಷ ಹಸಿದದ್ದು. ಒಂದು ಚೂರಿನಿಂದ ತುಂಬದಿದ್ದರೆ? ಅವ್ವ ಡಿಸೆಂಬರಿನಲ್ಲಿ ಇದನ್ನು ಹೊದ್ದು, ಆಗಲೂ ಥಂಡಿ ಐತಿ ಎಂದರೆ? ಮರಳಿ ಹೋಗಿ ಅರ್ಧ ಹೋಳಿಗೆ ತಂದೆ. ಅರ್ಧ ಇಡುವುದು ಅಶುಭವೇನೋ ಎನಿಸಿತು. ಮೂರನೆಯ ಸಲ ಹೋಗಿ ಇಡೀ ಹೋಳಿಗೆಯನ್ನೇ ತಂದೆ. ಒಣಗಿರಬಾರದೆಂದು ತುಪ್ಪವನ್ನೂ ಹಾಕಿಸಿಕೊಂಡೆ. ನಾಲ್ಕು ಮಡಿಕೆ ಮಾಡಿ ಒಳಗಿಟ್ಟು ಚೌಕ ಮುಚ್ಚಿ, ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದೆ. ಕೌದಿ ಮುಗಿಯಿತು. ಹೊಟ್ಟೆ ಸ್ವಲ್ಪ ಉಬ್ಬಿ ಕಂಡಿತು. ಉಂಡ ಹೊಟ್ಟೆ ಉಬ್ಬದೆ ಇರುತ್ತದೆಯೇ ಎಂದುಕೊಂಡೆ.

ಬೆಳಿಗ್ಗೆ ಅದನ್ನು ಪಡಸಾಲೆಯ ಮಂಚದ ಮೇಲೆ ಹಾಸಿದೆವು. ಪಕ್ಕದಲ್ಲಿ ಪಾರಿವಾಳಗಳ ಸಾಲು, ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಊರಿನ ಮುಖಗಳು. ಎಲ್ಲದರ ಮುಂದೆಯೂ ‘ಮುಟ್ಟಿ ನೋಡಬಹುದು’ ಎಂಬ ಫಲಕ. ಅದೂ ಆ ಮನೆಯ ಪದ್ಧತಿ. ಹಳ್ಳಿಯ ಹೆಂಗಸರು ಬಂದು ಕೌದಿಯನ್ನು ತಿರುಗಿಸಿ ಹಿಂಬದಿಯ ಹೊಲಿಗೆ ನೋಡಿದರು, ತಮ್ಮತಮ್ಮಲ್ಲೇ ಏನೋ ಹೇಳಿ ನಕ್ಕರು. ಸೊಟ್ಟ ಸಾಲುಗಳ ಬಗ್ಗೆಯೇ ಇರಬೇಕು. ತಮ್ಮನ ಕಾರು ಬಂತು. ಅವ್ವ ಅವನ ಕೈ ಹಿಡಿದು ರ‍್ಯಾಂಪು ಹತ್ತಿದಳು, ಮಂಚದ ಹತ್ತಿರ ಬಂದಳು, ನೀಲಿ ಸೀರೆಯ ತುಂಡಿನ ಮೇಲೆ ಕೈಯಿಟ್ಟಳು.

“ಮುಗೀತೇನು?”

“ಮುಗೀತವ್ವಾ.”

“ಖರೇನ?”

“ಖರೇ.”

ಅವ್ವ ಇನ್ನೇನೋ ಹೇಳುವವಳಿದ್ದಳು. ಅಷ್ಟರಲ್ಲಿ ಮಂಚದ ಆ ಬದಿಯಲ್ಲಿ ಕೌದಿಯನ್ನು ತಡವಿ ನೋಡುತ್ತಿದ್ದ ಭಾಯಿಸಾಹೇಬರು ಕೈ ನಿಲ್ಲಿಸಿದರು. ತಲೆ ಓರೆ ಮಾಡಿದರು.

“ಆಪಾ,” ಎಂದರು ಮೆಲ್ಲಗೆ. “ನಿಮ್ಮ ಕೌದಿ ನಡೆಯುತ್ತಿದೆ.”

ಆಮೇಲೆ “ಹಾಯ್ ಅಲ್ಲಾ!” ಎಂದು ಕೈ ಕೊಡವಿದರು.

ಬಗ್ಗಿ ನೋಡಿದೆ. ಕೆಂಪಿರುವೆಗಳು. ಬೇವಿನ ಬುಡದಿಂದ ಹೊರಟು, ಯಾವ ಅಡೆತಡೆಯೂ ಇಲ್ಲದೆ ಆ ಸುಂದರವಾದ ರ‍್ಯಾಂಪನ್ನು ಅಂಚು ಹಿಡಿದು ಏರಿ, ಮಂಚದ ಕಾಲು ಹತ್ತಿ, ಅವ್ವನ ಇಳಕಲ್ ಕೆಂಪಿನ ಮೇಲೆ ಕಾಣದಂತೆ ಸಾಗಿ, ನನ್ನ ಸೊಟ್ಟ ಸಾಲುಗಳಿಗಿಂತ ಎಷ್ಟೋ ನೇರವಾದ ಒಂದು ಸಾಲಿನಲ್ಲಿ ಕೌದಿಯ ಹೊಟ್ಟೆಗೆ ಇಳಿಯುತ್ತಿದ್ದವು.

“ಹೊಟ್ಟಿಗೇನು ಹಾಕೀದಿ?” ಎಂದಳು ಅವ್ವ.

“ಹೋಳಿಗಿ.”

“ಎಷ್ಟು?”

ಕೌದಿಯ ಅಂಚು ಸರಿಮಾಡತೊಡಗಿದೆ.

“ಎಷ್ಟು ಹಾಕೀದಿ ಅಂತ ಕೇಳಾಕತ್ತೀನಿ.”

“ಒಂದು. ತುಪ್ಪ ಹಚ್ಚಿ.”

“ಏನ ನಮ್ಮವ್ವಾ! ಹೊಟ್ಟಿ ತುಂಬಸು ಅಂದ್ರ, ಅಜೀರ್ಣ ಮಾಡು ಅಂದಿದ್ದೇನು ನಮ್ಮತ್ತಿ?”

ಬಿಚ್ಚಬೇಕಾಗಿತ್ತು. ಒಂಬತ್ತು ವರ್ಷಗಳಲ್ಲಿ ಮೊದಲ ಸಲ, ಬಿಚ್ಚಲು ನನ್ನಲ್ಲಿ ನಿಜವಾದ ಕಾರಣವಿತ್ತು, ಕತ್ತರಿ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಭಾಯಿಸಾಹೇಬರು ಪಾರಿವಾಳಗಳ ಕಡೆ ಹೋದರು. ಒಂದೊಂದನ್ನೇ ಎತ್ತಿ ಅಂಗೈಯಲ್ಲಿ ತೂಗಿ ಕೆಳಗಿಟ್ಟರು. ಆರನೆಯದನ್ನು ತೂಗಿ ತಲೆಯಾಡಿಸಿದರು, ಪಡಸಾಲೆಯ ಅಂಚಿನ ಕಲ್ಲಿಗೆ ತಂದು ಒಂದೇ ಏಟು ಹಾಕಿದರು. ಮಣ್ಣು ಚೂರಾಗಿ ಕತ್ತರಿ ಹೊರಗೆ ಬಂತು. ಹಳ್ಳಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಇದೂ ಕಾರ್ಯಕ್ರಮದಲ್ಲಿ ಇದೆಯೆಂದು ತಿಳಿದರೋ ಏನೋ. ಚಿತ್ರಕಾರ್ತಿ ಗೋಡೆಗೊರಗಿ ಸರಸರನೆ ಚಿತ್ರ ಬರೆದುಕೊಳ್ಳುತ್ತಿದ್ದಳು. ನನ್ನ ಹೆಸರಿನ ಸನ್ನೆಗೆ ಬೇಕಾದ ಗಂಟು ಆಗ ಪೂರ್ತಿ ಬಿಗಿದ ಸ್ಥಿತಿಯಲ್ಲಿತ್ತು.

ಚೌಕ ಕತ್ತರಿಸಿ, ಹೋಳಿಗೆ ತೆಗೆದು ಬೇವಿನ ಬುಡಕ್ಕೆ ಇಟ್ಟೆವು. ಇರುವೆಗಳು ಯಾವ ತಕರಾರೂ ಇಲ್ಲದೆ ಅದೇ ರ‍್ಯಾಂಪಿನಲ್ಲಿ ಇಳಿದು ಹೋದವು. ಅವ್ವ ತನ್ನ ಊಟದ ಡಬ್ಬಿಯಿಂದ ಒಣ ಜೋಳದ ರೊಟ್ಟಿಯ ಉಗುರಿನಷ್ಟು ಚೂರು ಮುರಿದು ಕೊಟ್ಟಳು. ಎಲ್ಲರ ಎದುರು, ನಿಂತುಕೊಂಡೇ, ಮತ್ತೆ ಮುಚ್ಚಿ ಹೊಲಿದೆ. ಹೊಲಿಗೆ ಎಂದಿಗಿಂತಲೂ ಸೊಟ್ಟಗೆ ಬಂತು. ಕತ್ತರಿ ಕೈಯಲ್ಲೇ ಇತ್ತು. ಎದುರಿನಿಂದ ಭಾಯಿಸಾಹೇಬರ ಕೈ ಚಾಚಿಕೊಂಡಿತು. ಕೊಟ್ಟೆ. ಅವರು ಅದನ್ನು ಅವ್ವನ ಕೈಗೆ ಕೊಟ್ಟರು. ಅವ್ವ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಚೌಕದ ಮೇಲೆ ತುಪ್ಪದ ಕಲೆ ಹಾಗೇ ಉಳಿದಿದೆ. ಅವ್ವ ಆ ಬದಿಯನ್ನೇ ಒಳಗೆ ಮಾಡಿ ಹೊದೆಯುತ್ತಾಳೆ.

ಅಂದು ಹೊರಡಲು ಸಾಮಾನು ಕಟ್ಟುವಾಗ ಆ ಡೈರಿ ತೆರೆದು ನೋಡಿದೆ. ಹಾವಿತ್ತು, ಚೇಳಿತ್ತು, ಸಾರಿನ ಹಲ್ಲಿಯೂ ಇತ್ತು. ಇರುವೆ ಇರಲಿಲ್ಲ.